ಬೇಳೆ ಬೇಯುವ ನೀರು

ಔರಾದ ತಾಲೂಕಿನ ಪಿಂಪಳವಾಡಿಯ ಬಾವಿಗೆ ಬೀಗ ಬಿದ್ದದ್ದು ನಾಗಸೇನ ಬರೆದ ಒಂದೂವರೆ ಪುಟದ ವರದಿಯಿಂದ. ಆ ವರದಿಯಲ್ಲಿ ಒಂದು ಅಂಕಿಯೂ ತಪ್ಪಿರಲಿಲ್ಲ. ಆಮೇಲೆ ಎಷ್ಟೋ ಸಲ ಅವನು ಆ ಪುಟಗಳನ್ನು ತೆಗೆದು ನೋಡಿದ್ದಾನೆ. ಈಗಲೂ ತಪ್ಪು ಸಿಕ್ಕಿಲ್ಲ.

ನಾಗಸೇನನಿಗೆ ಆಗ ನಲವತ್ತೊಂದು ವರ್ಷ. ಬೀದರಿನ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದ. ಹುಟ್ಟೂರು ಭಾತಂಬ್ರಾ, ಮನೆ ಮಾಡಿದ್ದು ಭಾಲ್ಕಿಯಲ್ಲಿ. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದ. ನೀರಿನ ಪರೀಕ್ಷೆ ಅವನ ಪಾಲಿಗೆ ಬರೀ ಕೆಲಸವಾಗಿರಲಿಲ್ಲ. ಅವನ ಅಜ್ಜಿ ಹುಟ್ಟಿದ ಊರಿನಲ್ಲಿ ಅವರ ಮಂದಿ ಬಾವಿಯ ಹಗ್ಗ ಮುಟ್ಟುವಂತಿರಲಿಲ್ಲ. ಕೊಡ ನೆಲದ ಮೇಲಿಟ್ಟು ಹತ್ತು ಹೆಜ್ಜೆ ಹಿಂದೆ ಸರಿದು ನಿಲ್ಲಬೇಕಿತ್ತು, ಯಾರಿಗಾದರೂ ಮನಸ್ಸು ಬಂದು ಸುರಿಯುವ ತನಕ. ಅಜ್ಜಿ ಇದನ್ನು ಅಳುತ್ತ ಹೇಳಿದವಳಲ್ಲ. ಅಕ್ಕಿ ಆರಿಸುತ್ತಲೋ ಬಟ್ಟೆ ಮಡಚುತ್ತಲೋ ನಡುವೆ ಹೇಳಿಬಿಡುತ್ತಿದ್ದಳು. ಅದಕ್ಕೇ ಮನೆ ಬಾಗಿಲಿಗೆ ಬರುವ ನಳ ಎಂದರೆ ನಾಗಸೇನನಿಗೆ ಬಹಳ ದೊಡ್ಡ ಮಾತು. ಯಾರಿಗೂ ಕಾಯದೆ, ಯಾರ ಮುಖವನ್ನೂ ನೋಡದೆ, ತಿರುಗಿಸಿದರೆ ಬರುವ ನೀರು. ಜಿಲ್ಲೆಯ ಎಷ್ಟೋ ಊರುಗಳ ಬೋರ್‌ವೆಲ್ ನೀರನ್ನು ಅವನು ಪರೀಕ್ಷಿಸಿ ಕೊಟ್ಟಿದ್ದ. ಪಿಂಪಳವಾಡಿಯದೂ ಅವುಗಳಲ್ಲಿ ಒಂದು.

ಪಿಂಪಳವಾಡಿ ಸಂತಪುರದಿಂದ ನಾಲ್ಕು ಕಿಲೋಮೀಟರ್ ಒಳಗಿರುವ ಸಣ್ಣ ಊರು. ಅಲ್ಲಿ ಬೋರ್‌ವೆಲ್ ಕೊರೆದು, ನೀರಿನ ಟಾಕಿ ಕಟ್ಟಿ, ಮನೆಮನೆಗೆ ನಳ ಕೊಟ್ಟು ಮೂರು ವರ್ಷವಾಗಿತ್ತು. ನೀರು ತಪ್ಪದೆ ಬರುತ್ತಿತ್ತು. ಆದರೂ ಊರಿನ ಹೆಂಗಸರು ದಿಬ್ಬದ ಬುಡದಲ್ಲಿದ್ದ ಹಳೆಯ ಬಾವಿಗೆ ಕೊಡ ಹಿಡಿದು ಹೋಗುವುದು ನಿಂತಿರಲಿಲ್ಲ. ನಾಗಸೇನನ ಕಾಲೇಜಿನ ಅರ್ಥಶಾಸ್ತ್ರದ ಹಿರಿಯ ಪ್ರಾಧ್ಯಾಪಕ ಗೋರಖನಾಥ ಅವರ ಕಣ್ಣಿಗೆ ಇದು ಬಿದ್ದು, ಸುಸ್ಥಿರ ಅಭಿವೃದ್ಧಿಯ ಒಂದು ಸಂಶೋಧನಾ ಯೋಜನೆಗೆ ಅರ್ಜಿ ಹಾಕಿದರು. ಕೊಟ್ಟ ಸೌಲಭ್ಯವನ್ನು ಜನ ಯಾಕೆ ಬಳಸುವುದಿಲ್ಲ ಎನ್ನುವುದು ಅವರ ಪ್ರಶ್ನೆ. ಅನುದಾನ ಕೊಟ್ಟವರದು ಒಂದು ಷರತ್ತಿತ್ತು: ಬೇರೆಬೇರೆ ವಿಭಾಗದವರು ಕೂಡಿ ಮಾಡಬೇಕು. ಗೋರಖನಾಥ ಅವರು ನೀರಿಗೆ ನಾಗಸೇನನನ್ನು ಕರೆದರು, ಜನರಿಗೆ ಅತಿಯಾಳನ್ನು.

ಅತಿಯಾ ಸಮಾಜಶಾಸ್ತ್ರದವಳು. ಬೀದರಿನ ಹಳೆ ಊರಿನ ಹುಡುಗಿ, ಕಲಬುರಗಿಯಲ್ಲಿ ಪಿಎಚ್.ಡಿ. ಮುಗಿಸಿ ಬಂದು ಎರಡು ವರ್ಷವಾಗಿತ್ತು. ಮನೆಯಲ್ಲಿ ದಖ್ಖನಿ ಉರ್ದು, ಓಣಿಯಲ್ಲಿ ಕನ್ನಡ, ಔರಾದ ಕಡೆಯವರು ಸಿಕ್ಕರೆ ಮರಾಠಿಯೂ ಬರುತ್ತಿತ್ತು. ಎಲ್ಲಿ ಹೋದರೂ ಹೆಂಗಸರು ಅವಳಿಗೆ ಕೂಡಲು ಜಾಗ ಮಾಡಿ ಮಾತಿಗೆ ತೊಡಗುತ್ತಿದ್ದರು.

ಕೂಡಿ ಮಾಡಬೇಕು ಎಂದು ಕಾಗದದ ಮೇಲೆ ಇತ್ತೇ ಹೊರತು, ಮೊದಲ ಆರು ತಿಂಗಳು ಇಬ್ಬರೂ ಒಂದೇ ದಿನ ಪಿಂಪಳವಾಡಿಗೆ ಹೋದವರಲ್ಲ. ನಾಗಸೇನ ಮಂಗಳವಾರ ಹೋಗಿ ಬಾಟಲಿಗಳಲ್ಲಿ ನೀರು ತುಂಬಿಕೊಂಡು ಮಧ್ಯಾಹ್ನದ ಬಸ್ಸಿಗೆ ವಾಪಸಾಗುತ್ತಿದ್ದ. ಅತಿಯಾ ಶನಿವಾರ ಹೋಗಿ ಸಂಜೆಯ ತನಕ ಕೂತು ಹೆಂಗಸರ ಮಾತು ಬರೆದುಕೊಳ್ಳುತ್ತಿದ್ದಳು. ಅವನ ಕೋಷ್ಟಕಗಳು ಅವಳಿಗೆ ತಿಳಿಯಲಿಲ್ಲ, ಅವಳು ಕೇಳಲೂ ಇಲ್ಲ. ಅವಳ ನೋಟ್‌ಬುಕ್ಕುಗಳನ್ನು ಅವನು ತೆರೆದು ನೋಡಲಿಲ್ಲ.

ಜನವರಿಯಲ್ಲಿ ಗೋರಖನಾಥ ಅವರ ಕೋಣೆಯಲ್ಲಿ ಮೊದಲ ಪರಿಶೀಲನೆ ನಡೆಯಿತು. ನಾಗಸೇನ ತನ್ನ ಅಂಕಿಗಳನ್ನು ಇಟ್ಟ. ಬಾವಿಯ ನೀರಿನಲ್ಲಿ ನೈಟ್ರೇಟ್ ಲೀಟರಿಗೆ ತೊಂಬತ್ತೆರಡು ಮಿಲಿಗ್ರಾಂ ಇತ್ತು, ಮಿತಿ ನಲವತ್ತೈದು. ನಳದ ನೀರಿನಲ್ಲಿ ಬರೀ ಹನ್ನೆರಡು. ನೈಟ್ರೇಟ್ ಹೆಚ್ಚಿದ ನೀರು ಹಸುಗೂಸಿನ ಹೊಟ್ಟೆಗೆ ಹೋದರೆ ಅದರ ರಕ್ತ ಉಸಿರಿನ ಗಾಳಿಯನ್ನು ಹೊರುವುದಿಲ್ಲ, ಮೈ ನೀಲಿಗಟ್ಟುತ್ತದೆ, ಕಾಯಿಸಿದರೂ ಅದು ಹೋಗುವ ವಿಷವಲ್ಲ ಎಂದು ವಿವರಿಸಿದ. ಅತಿಯಾ ನಲವತ್ತು ಮನೆಗಳ ಮಾತುಕತೆಯ ಸಾರವನ್ನು ಓದಿದಳು. ಬಾವಿಗೆ ಹೋಗಲು ಕಾರಣಗಳ ಪಟ್ಟಿಯಲ್ಲಿ ಮೊದಲನೆಯದು 'ರುಚಿ ಮತ್ತು ರೂಢಿ', ಎರಡನೆಯದು 'ಕೂಡಿ ಮಾತಾಡಲು ಸಿಗುವ ಹೊತ್ತು'.

ನಾಗಸೇನನಿಗೆ ಸಿಟ್ಟು ಬಂತು. ಕೂಸುಗಳ ಜೀವದ ಮುಂದೆ ರುಚಿ ಎಂಬ ಮಾತನ್ನು ಅವನಿಗೆ ಸಹಿಸಲಾಗಲಿಲ್ಲ. ಇದಕ್ಕೆ ಹಠ ಅನ್ನಬೇಕು, ಸಂಶೋಧನೆ ಯಾಕೆ ಬೇಕು ಎಂದ. ಅತಿಯಾ, ನಿಮ್ಮ ಕೋಷ್ಟಕದಲ್ಲಿ ಒಬ್ಬ ಹೆಣ್ಣುಮಗಳೂ ಇಲ್ಲ ಸರ ಎಂದಳು. ಗೋರಖನಾಥ ಅವರು ಚಹಾ ತರಿಸಿದರು. ಚಹಾ ಕುಡಿದು ಇಬ್ಬರೂ ಬೇರೆಬೇರೆ ಬಾಗಿಲಿನಿಂದ ಹೊರಟುಹೋದರು.

ವಾರದೊಳಗೆ ನಾಗಸೇನ ಪಂಚಾಯ್ತಿಗೆ ಒಂದೂವರೆ ಪುಟ ಬರೆದು ಕಳಿಸಿದ. ಬಾವಿಯ ನೀರು ಕುಡಿಯಲು ಯೋಗ್ಯವಲ್ಲ, ಅದನ್ನು ಮುಚ್ಚುವುದು ಒಳ್ಳೆಯದು. ಫೆಬ್ರವರಿಯಲ್ಲಿ ಪಂಚಾಯ್ತಿಯವರು ಬಾವಿಯ ಬಾಯಿಗೆ ಕಬ್ಬಿಣದ ಜಾಲರಿ ಕೂಡಿಸಿ ಬೀಗ ಹಾಕಿದರು. ಅತಿಯಾಳಿಗೆ ಗೊತ್ತಾದದ್ದು ಮುಂದಿನ ಶನಿವಾರ, ಜಾಲರಿಯನ್ನು ಕಣ್ಣಾರೆ ನೋಡಿದಾಗ. ನನಗೊಂದು ಮಾತು ಕೇಳಬಹುದಿತ್ತು ಎಂದು ಅವಳು ಫೋನಿನಲ್ಲಿ ಹೇಳಿದಳು. ಕೇಳಿದರೆ ನೈಟ್ರೇಟ್ ಕಡಿಮೆ ಆಗುತ್ತಿತ್ತೇ ಎಂದು ಅವನು ತಿರುಗಿ ಕೇಳಿದ.

ಹೆಂಗಸರು ನಳದ ನೀರಿಗೆ ಬರುತ್ತಾರೆ ಎಂದುಕೊಂಡಿದ್ದ. ಬರಲಿಲ್ಲ. ದಿಬ್ಬದ ಆಚೆ ಬದಿಗೆ, ಒಂದೂವರೆ ಕಿಲೋಮೀಟರ್ ದೂರದ ಹೊಲದ ಬಾವಿಗೆ ನಡೆಯತೊಡಗಿದರು. ಹಾದಿ ಕಲ್ಲುಕಲ್ಲಾಗಿತ್ತು, ನಡುವೆ ಒಂದು ಒಣ ಹಳ್ಳ ಇಳಿದು ಹತ್ತಬೇಕಿತ್ತು. ಮಾರ್ಚ್ ತಿಂಗಳ ಒಂದು ಬೆಳಿಗ್ಗೆ, ಏಳು ತಿಂಗಳ ಬಸುರಿ ಮಾಯಾ ಆ ಹಳ್ಳದ ದಂಡೆಯಲ್ಲಿ ಕೊಡದ ಸಮೇತ ಜಾರಿಬಿದ್ದಳು. ಹೊಟ್ಟೆಗೆ ಪೆಟ್ಟಾಗದ ಹಾಗೆ ಎಡಗೈ ಊರಿದಳು, ಮಣಿಕಟ್ಟು ಮುರಿಯಿತು. ಅವಳ ಅತ್ತೆ ಶಾಲುಬಾಯಿ ಊರಿನ ಟಂಟಂ ಆಟೋದಲ್ಲಿ ಅವಳನ್ನು ಔರಾದಿನ ಆಸ್ಪತ್ರೆಗೆ ಒಯ್ದಳು.

ಅತಿಯಾ ಸುದ್ದಿ ಹೇಳಿದಾಗ ನಾಗಸೇನ ಪ್ರಯೋಗಶಾಲೆಯಲ್ಲಿದ್ದ. ಅವಳು ಬೈಯಲಿಲ್ಲ. ಏನಾಯಿತೋ ಅಷ್ಟನ್ನೇ ಹೇಳಿ ಫೋನ್ ಇಟ್ಟಳು. ಬೈದಿದ್ದರೆ ಉತ್ತರ ಕೊಡಬಹುದಿತ್ತು. ಮರುದಿನ ಅವನು ರಜೆ ಹಾಕಿ ಔರಾದಿಗೆ ಹೋದ.

ಆಸ್ಪತ್ರೆಯ ಪಡಸಾಲೆಯ ಬೆಂಚಿನ ಮೇಲೆ ಶಾಲುಬಾಯಿ ಕೂತಿದ್ದಳು. ಅರವತ್ತರ ಹತ್ತಿರದ, ಗಟ್ಟಿ ಮೈಯ ಹೆಂಗಸು. ಬಾಟಲಿ ತುಂಬಲು ಬರುತ್ತಿದ್ದ ಮಾಸ್ತರನನ್ನು ಅವಳು ದೂರದಿಂದ ನೋಡಿದ್ದಳು. ಎದ್ದು ನಿಂತು ಜೈಭೀಮ ಎಂದಳು. ಕೂಸಿಗೆ ಏನೂ ಆಗಿಲ್ಲವೆಂದು ಡಾಕ್ಟರು ಹೇಳಿದ್ದಾರೆ, ಇನ್ನೊಂದು ದಿನ ಇಟ್ಟುಕೊಂಡು ಕಳಿಸುತ್ತಾರೆ ಎಂದು ತಿಳಿಸಿ, ಪಕ್ಕದಲ್ಲಿ ಜಾಗ ಮಾಡಿಕೊಟ್ಟಳು.

ನಾಗಸೇನ ಕೂತ. ಏನು ಹೇಳಬೇಕೆಂದು ಬಸ್ಸಿನಲ್ಲಿ ಯೋಚಿಸಿಕೊಂಡು ಬಂದದ್ದು ಬಾಯಿಗೆ ಬರಲಿಲ್ಲ. ಕಡೆಗೆ ಮನಸ್ಸಿನಲ್ಲಿದ್ದದ್ದೇ ಬಂತು.

"ಮನಿ ಮುಂದ ನಳ ಅದ ಬಾಯಿ. ಅಷ್ಟು ದೂರ ಯಾಕ ಹೋದ್ಳು ಅಕಿ?"

"ಬ್ಯಾಳಿ ಸಲುವಾಗಿ ಹೋಗಿದ್ಳರಿ," ಎಂದಳು ಶಾಲುಬಾಯಿ. "ನಳದ ನೀರಾಗ ತೊಗರಿ ಬ್ಯಾಳಿ ಬೇಯಲ್ಲರಿ. ಎರಡು ತಾಸು ಕುದಿಸಿದ್ರೂ ಕಾಳು ಹಂಗೇ ಇರ್ತದ. ಮೂರು ವರ್ಷದಿಂದ ಹೇಳ್ಲತ್ತೀವಿ. ಮೇಡಂಗೂ ಹೇಳೀವಿ. ನೀವು ನೀರ ಅಳಿತೀರಿ ಖರೆ, ಅದರಾಗ ಎಂದಾದ್ರೂ ಅಡಗಿ ಮಾಡೀರೇನ್ರಿ?"

ಅವನು ಇಲ್ಲ ಎಂದು ತಲೆಯಾಡಿಸಿದ. ಅವಳು ದನಿ ಏರಿಸದೆ ಮುಂದುವರಿಸಿದಳು.

"ಇನ್ನೊಂದು ಮಾತ ಹೇಳ್ತೇನಿ, ಸಿಟ್ಟಾಗಬ್ಯಾಡ್ರಿ. ಆ ಬಾಂವಿ ನಮ್ಮ ಮಾವ, ಅವರ ತಮ್ಮಂದಿರು ಇಬ್ಬರು ಕೈಲೆ ತೋಡಿದ್ದರಿ. ಊರ ಬಾಂವಿಗೆ ನಮ್ಮ ಮಂದಿಗಿ ಬಿಡ್ತಿರಲಿಲ್ಲ. ಎರಡು ಬ್ಯಾಸಗಿ ತೋಡ್ಯಾರ. ಈಗ ಊರ ಬಾಂವಿ ಬತ್ತಿ ಹೋಗ್ಯಾದ, ಎಲ್ಲಾ ಓಣಿ ಹೆಣ್ಮಕ್ಕಳು ನಮ್ಮ ಬಾಂವಿಗೇ ಬರ್ತಾರ. ನಾವು ಯಾರಿಗೂ ಬ್ಯಾಡ ಅಂದಿಲ್ಲ. ಅದಕ್ಕ ಬೀಗ ಬಿತ್ತು. ಹಾಕಿಸಿದವರು ನಮ್ಮ ಪೈಕಿ ಸಾಹೇಬ್ರೇ ಅಂತ ಗೊತ್ತಾದಾಗ ಬಾಳ ಕೆಟ್ಟ ಅನಸ್ತರಿ."

ಒಳಗಿನಿಂದ ನರ್ಸ್ ಕರೆದಾಗ ಶಾಲುಬಾಯಿ ಎದ್ದು ಹೋದಳು. ನಾಗಸೇನ ತಂದಿದ್ದ ಹಣ್ಣಿನ ಚೀಲ ಬೆಂಚಿನ ಮೇಲೇ ಉಳಿಯಿತು. ಅದನ್ನು ಒಳಗೆ ಒಯ್ದು ಕೊಡುವ ಧೈರ್ಯ ಬರಲು ಸ್ವಲ್ಪ ಹೊತ್ತು ಹಿಡಿಯಿತು. ಮಾಯಾ ಕೈಗೆ ಪಟ್ಟಿ ಹಾಕಿಸಿಕೊಂಡು ಮಲಗಿದ್ದಳು. ಅವನು ಯಾರೆಂದು ಅತ್ತೆ ಹೇಳಿದಾಗ, ಬಲಗೈಯಿಂದ ಸೆರಗು ಸರಿಮಾಡಿಕೊಂಡು, ನನ್ನಿಂದ ನಿಮಗೆ ತ್ರಾಸಾಯಿತು ಸರ ಎಂದಳು. ಆ ಮಾತು ಅವನಿಗೆ ಎಲ್ಲಕ್ಕಿಂತ ಹೆಚ್ಚು ನೋವು ಮಾಡಿತು.

ಅವನು ಔರಾದಿನಿಂದ ಭಾಲ್ಕಿಗೆ ಹೋಗದೆ ನೇರ ಬೀದರಿಗೆ ಬಂದ. ಅತಿಯಾ ವಿಭಾಗದ ಕೋಣೆಯಲ್ಲಿ ಉತ್ತರಪತ್ರಿಕೆ ನೋಡುತ್ತಿದ್ದಳು. ನಿಮ್ಮ ನೋಟ್‌ಬುಕ್ ಓದಬೇಕು, ಎಲ್ಲವನ್ನೂ ಎಂದ. ಅವಳು ಕೊಡುವುದಿಲ್ಲ ಎಂದಳು. ಅದು ಸಿಟ್ಟಿನ ಮಾತಾಗಿರಲಿಲ್ಲ. ಯಾರು ಏನು ಹೇಳಿದರು ಎಂಬುದನ್ನು ಇನ್ನೊಬ್ಬರಿಗೆ ತೋರಿಸುವುದಿಲ್ಲ ಎಂದು ಪ್ರತಿ ಮನೆಯಲ್ಲೂ ಮಾತು ಕೊಟ್ಟಿದ್ದಳು. ಬೇಕಿದ್ದರೆ ಹೆಸರು ಬಿಟ್ಟು ತಾನೇ ಓದಿ ಹೇಳುತ್ತೇನೆ ಎಂದಳು.

ಹೀಗೆ ಎರಡು ಮಧ್ಯಾಹ್ನ ಕಾಲೇಜಿನ ಗ್ರಂಥಾಲಯದ ಮೂಲೆಯ ಮೇಜಿನಲ್ಲಿ ಅವಳು ಓದಿದಳು, ಅವನು ಕೇಳಿದ. ಹೆಂಗಸರ ಮಾತನ್ನು ಅವಳು ಅವರ ಮಾತಿನಲ್ಲೇ ಬರೆದಿದ್ದಳು. ಗಂಡಂದಿರ ಬಗ್ಗೆ, ಸೊಸೆಯರ ಬಗ್ಗೆ, ಸೋಯಾ ಕಳೆ ತೆಗೆಯುವ ಬಗ್ಗೆ, ಟೀವಿಯ ಬಗ್ಗೆ ಮಾತಿತ್ತು. ನಡುವೆ ಎಲ್ಲೋ ಒಂದು ಸಾಲು ಬರುತ್ತಿತ್ತು: ಬ್ಯಾಳಿ ಬೇಯಲ್ಲರಿ. ಗ್ಯಾಸ್ ತಿಂಗಳಿಗೂ ಬರಲ್ಲರಿ. ಸೋಡಾ ಹಾಕಿದ್ರ ಮನಿಯವರು ಉಣ್ಣಲ್ಲ. ಬ್ಯಾಳಿ ಮೆತ್ತಗಾಗಲ್ಲ. ಪ್ರತಿ ಸಲ ನಾಗಸೇನ ಕಾಗದದ ಮೇಲೆ ಒಂದು ಗೆರೆ ಹಾಕಿಕೊಂಡ. ಬಾವಿಯನ್ನು ಯಾರು ತೋಡಿದರು ಎನ್ನುವುದೂ ಒಂದು ಪುಟದಲ್ಲಿತ್ತು. ಅಲ್ಲಿ ಅವಳು ಓದುವುದನ್ನು ನಿಲ್ಲಿಸಿ ಅವನ ಮುಖ ನೋಡಿ, ಮುಂದಕ್ಕೆ ಹೋದಳು.

ಎರಡನೆಯ ದಿನ ಓದಿ ಮುಗಿದಾಗ ಅವನ ಗೆರೆಗಳನ್ನು ಅವಳೇ ಎಣಿಸಿದಳು. ನಲವತ್ತರಲ್ಲಿ ಮೂವತ್ಮೂರು ಮನೆ. ಅವಳು ಪೆನ್ನು ಕೆಳಗಿಟ್ಟಳು. ಇದನ್ನೇ ನಾನು ರುಚಿ ಮತ್ತು ರೂಢಿ ಎಂದು ಬರೆದೆ ಎಂದಳು. ಮೂವತ್ಮೂರು ಹೆಂಗಸರು ಒಂದೇ ಮಾತು ಹೇಳಿದ್ದರು, ಅದು ತನ್ನ ಕಿವಿಗೆ ಅಡುಗೆಮನೆಯ ಗೊಣಗಾಟವಾಗಿ ಕೇಳಿತ್ತು. ಅವಳ ಮುಖ ಕೆಂಪಾಗಿತ್ತು.

ನಾಗಸೇನ ತನ್ನ ಫೈಲಿನಿಂದ ಮೂರು ವರ್ಷದ ಹಿಂದಿನ ಹಾಳೆಯೊಂದನ್ನು ತೆಗೆದು ಅವಳ ಮುಂದಿಟ್ಟ. ನಳದ ನೀರಿನದು. ಏಳನೆಯ ಸಾಲು, ಗಡಸುತನ: ಐನೂರಾ ಎಂಬತ್ತು. ಪಕ್ಕದಲ್ಲಿ ಮಿತಿ: ಆರುನೂರು. ಅದರ ಪಕ್ಕ ಅವನದೇ ಕೈಯಿಂದ ಹಾಕಿದ ಸರಿ ಗುರುತು.

"ಮಿತಿಯೊಳಗ ಅದ ಅಂತ ಬಿಟ್ಟುಬಿಟ್ಟೆ," ಎಂದ. "ಬಾವಿ ನೀರಿಂದು ನೂರಾ ಹತ್ತು. ಅದು ದಿಬ್ಬದ ಕೆಂಪು ಕಲ್ಲಿನಿಂದ ಬರ್ತದ, ಮೆತ್ತನ್ನ ನೀರು. ಬೋರ್‌ವೆಲ್ ಕರಿಕಲ್ಲಿನ ತಳಕ್ಕ ಹೋಗ್ಯಾದ. ಅಲ್ಲಿ ನೀರಾಗ ಕ್ಯಾಲ್ಸಿಯಂ ಬಾಳ. ಅದು ಬ್ಯಾಳಿ ಒಳಗ ಹೊಕ್ಕು ಕಾಳು ಬಿಗಿಯಾಗ್ತದ. ಗಡಸು ನೀರಾಗ ಸಾಬೂನು ನೊರಿ ಬರಲ್ಲ ಅಂತ ಹದಿನಾಲ್ಕು ವರ್ಷ ಪಾಠ ಮಾಡೀನಿ ಮೇಡಂ. ಬ್ಯಾಳಿ ಬೇಯಲ್ಲ ಅಂತ ಒಮ್ಮೆನೂ ಹೇಳಿಲ್ಲ."

ಅಂಕಿ ಅವನ ಹತ್ತಿರ ಇತ್ತು, ಮಾತು ಅವಳ ಹತ್ತಿರ ಇತ್ತು. ಮೂರು ಮಹಡಿಯ ಒಂದೇ ಕಟ್ಟಡದಲ್ಲಿ ಎರಡೂ ಬೇರೆಬೇರೆ ಕಪಾಟಿನಲ್ಲಿದ್ದವು.

ಬೇಯಿಸಿ ನೋಡಬೇಕು ಎಂದು ಇಬ್ಬರೂ ಒಪ್ಪಿದರು. ಪ್ರಯೋಗಶಾಲೆಯ ಬೀಕರಿನಲ್ಲಿ ಬೇಳೆ ಬೇಯಿಸಿದರೆ ಯಾರು ನಂಬುತ್ತಾರೆ ಎಂದು ಅತಿಯಾ ಅವನನ್ನು ತನ್ನ ಮನೆಗೆ ಕರೆದಳು. ಅವಳ ತಂದೆ ಉಸ್ಮಾನ ಮಿಯಾ ಬಾವರ್ಚಿ, ಮದುವೆ ದಾವತ್ತುಗಳಿಗೆ ದೊಡ್ಡ ದೇಗಿನಲ್ಲಿ ಅಡುಗೆ ಮಾಡುವವರು. ಭಾನುವಾರ ನಾಗಸೇನ ಎರಡು ಕ್ಯಾನುಗಳಲ್ಲಿ ಪಿಂಪಳವಾಡಿಯ ನೀರು ತಂದ, ಒಂದರಲ್ಲಿ ನಳದ್ದು, ಒಂದರಲ್ಲಿ ಬಾವಿಯದ್ದು. ಬಾವಿಯ ನೀರಿಗೆ ಪಂಚಾಯ್ತಿಯವರ ಕೈಕಾಲು ಹಿಡಿದು ಬೀಗ ತೆಗೆಸಬೇಕಾಯಿತು. ಯಾವ ಕ್ಯಾನಿನಲ್ಲಿ ಯಾವುದೆಂದು ಹೇಳದೆ ಅಂಗಳದಲ್ಲಿಟ್ಟ.

ಉಸ್ಮಾನ ಮಿಯಾ ಎರಡರಿಂದಲೂ ಬೊಗಸೆಗೆ ಸುರಿದುಕೊಂಡು ಬಾಯಿ ಮುಕ್ಕಳಿಸಿ ಉಗುಳಿದರು. ಎರಡನೆಯ ಕ್ಯಾನನ್ನು ಕಾಲಿನಿಂದ ಸರಿಸಿ, ಇದು ಖಾರಾ ಪಾನಿ, ಸವಳು ನೀರು, ಇದರಲ್ಲಿ ಬೇಳೆ ಬೇಯುವುದಿಲ್ಲ ಎಂದರು. ಅದು ನಳದ್ದಾಗಿತ್ತು. ಆದರೂ ಒಲೆ ಹಚ್ಚಿದರು. ಒಂದೇ ಅಂಗಡಿಯ ತೊಗರಿಬೇಳೆ, ಒಂದೇ ಅಳತೆ, ಎರಡು ಒಲೆ, ಎರಡು ಪಾತ್ರೆ. ಬಾವಿಯ ನೀರಿನದು ನಲವತ್ತು ನಿಮಿಷಕ್ಕೆ ಬೆಣ್ಣೆಯ ಹಾಗಾಯಿತು. ನಳದ್ದು ಒಂದೂವರೆ ತಾಸಾದರೂ ಬೆರಳಿನ ನಡುವೆ ಒತ್ತಿದರೆ ಕಟಕ್ ಎನ್ನುತ್ತಿತ್ತು. ನಾಗಸೇನ ಮೊಬೈಲಿನಲ್ಲಿ ಹೊತ್ತು ನೋಡುತ್ತ ಬರೆದುಕೊಂಡ. ಅತಿಯಾಳ ತಾಯಿ ಕುಲಸುಮಬೀ ಬೆಂದ ಬೇಳೆಗೆ ಒಗ್ಗರಣೆ ಕೊಟ್ಟು ಅನ್ನದ ಜೊತೆ ಬಡಿಸಲು ಹೊರಟರು. ಅತಿಯಾ ತಾಯಿಯ ಕೈ ಹಿಡಿದು ತಡೆದಾಗ ನಾಗಸೇನ, ದೊಡ್ಡವರಿಗೆ ಒಂದು ಹೊತ್ತಿಗೆ ಏನೂ ಆಗುವುದಿಲ್ಲ ಎಂದು ತಾನೇ ಮೊದಲು ತಟ್ಟೆ ಮುಂದಿಟ್ಟ.

ಉಣ್ಣುವಾಗ ಉಸ್ಮಾನ ಮಿಯಾ ಹೇಳಿದರು: "ಔರಾದ ಕಡಿ ದಾವತ್ ಇದ್ರ ನಾನು ಮೊದಲು ನೀರೇ ಕೇಳ್ತೇನಿ ಸಾಬ್. ನೀರ ಸರಿ ಇಲ್ಲಂದ್ರ ಬೀದರದಿಂದ ಡ್ರಮ್ಮಿನಾಗ ಒಯ್ತೇನಿ. ಮೂವತ್ತು ವರ್ಷ ಆಯ್ತು. ಬೋರ್ ಹಾಕಾವರು ಯಾರೂ ನನಗ ಕೇಳಿಲ್ಲ. ಬಾವರ್ಚಿಗಿ ಯಾರು ಕೇಳ್ತಾರ? ನಮ್ಮ ಬೇಟಿನೂ ಕೇಳಿಲ್ಲ."

ಅತಿಯಾ ನಕ್ಕಳು. ನಗುವಾಗ ಕಣ್ಣು ತುಂಬಿತ್ತು.

ಏಪ್ರಿಲ್ ಮೊದಲ ವಾರ ಮೂವರೂ, ಗೋರಖನಾಥ ಅವರೂ ಸೇರಿ, ಪಿಂಪಳವಾಡಿಗೆ ಹೋದರು. ಸಭೆ ಪಂಚಾಯ್ತಿಯಲ್ಲಿ ಬೇಡ, ಬಾವಿಯ ಹತ್ತಿರವೇ ಇರಲಿ ಎಂದು ಅತಿಯಾ ಮೊದಲೇ ಹೇಳಿಕಳಿಸಿದ್ದಳು. ಬೇವಿನ ನೆರಳಿನಲ್ಲಿ ಐವತ್ತಕ್ಕೂ ಹೆಚ್ಚು ಹೆಂಗಸರು ಬಂದು ಕೂತರು. ನಾಗಸೇನ ಎದ್ದು ನಿಂತು, ನಿಮ್ಮನ್ನು ಕೇಳದೆ ಬರೆದು ಕೊಟ್ಟದ್ದು ನನ್ನ ತಪ್ಪು, ಮಾಯಾಳ ಕೈ ಮುರಿದದ್ದು ಅದರಿಂದ ಎಂದ. ಹೆಚ್ಚು ಉದ್ದ ಮಾಡಲಿಲ್ಲ. ಪಂಚಾಯ್ತಿಯವರು ಬೀಗ ತೆಗೆದರು.

ಆದರೆ ಅವನ ಮಾತು ಅಲ್ಲಿಗೆ ಮುಗಿದಿರಲಿಲ್ಲ. ನೈಟ್ರೇಟ್ ಇರುವುದು ಸುಳ್ಳಲ್ಲ ಎಂದ. ನಳದ ನೀರಿನಲ್ಲಿ ಬೇಳೆ ಬೇಯದು, ಬಾವಿಯ ನೀರು ಕೂಸಿಗೆ ಆಗದು. ಎರಡೂ ಖರೆ. ಸ್ವಲ್ಪ ಹೊತ್ತು ಗಲಾಟೆ ಎದ್ದಿತು. ನಮ್ಮ ಅತ್ತೆ ಇದನ್ನೇ ಕುಡಿದು ಎಂಬತ್ತು ವರ್ಷ ಬಾಳಿದಳು ಎಂದು ಒಬ್ಬಳು ಹೇಳಿದಳು. ಬೀಗ ತೆಗೆದು ಮತ್ತೆ ಹೆದರಿಸಲು ಬಂದಿರಾ ಎಂದು ಇನ್ನೊಬ್ಬಳು ಕೇಳಿದಳು. ಆಗ ಶಾಲುಬಾಯಿ ಎಲ್ಲರನ್ನೂ ಸುಮ್ಮನಾಗಿಸಿ, ಈ ವಿಷ ಎಲ್ಲಿಂದ ಬರುತ್ತದೆ ಎಂದು ಕೇಳಿದಳು. ಅಷ್ಟೂ ತಿಂಗಳಲ್ಲಿ ಆ ಪ್ರಶ್ನೆಯನ್ನು ನಾಗಸೇನನಿಗೆ ಕೇಳಿದವರಲ್ಲಿ ಅವಳೇ ಮೊದಲನೆಯವಳು.

ಅವನು ಕೈ ತೋರಿಸಿದ. ಬಾವಿಯ ಮೇಲ್ಬದಿಯ ಇಳಿಜಾರಿನಲ್ಲಿ ಹದಿನಾರು ತಿಪ್ಪೆಗಳಿದ್ದವು. ಮಳೆ ಬಂದರೆ ಸಗಣಿ ಗಂಜಳದ ನೀರು ಇಂಗಿ ನೇರ ಬಾವಿಗೇ ಇಳಿಯುತ್ತಿತ್ತು. ಅವುಗಳಲ್ಲಿ ಅತಿ ಹತ್ತಿರದ್ದು ಯಾರದು ಎಂದು ಎಲ್ಲರಿಗೂ ಗೊತ್ತಿತ್ತು. ಹೆಂಗಸರು ಶಾಲುಬಾಯಿಯ ಕಡೆ ನೋಡಿದರು. ಅವಳು ತನ್ನ ತಿಪ್ಪೆಯನ್ನೇ ನೋಡುತ್ತ ನಿಂತಳು.

"ಮೊದಲು ಇಲ್ಲಿ ಇದ್ದಿಲ್ಲರಿ," ಎಂದಳು. "ಓಣಿ ಬೆಳದ ಮ್ಯಾಲ ಮ್ಯಾಲಕ್ಕ ಹಾಕಿದೇವು. ಮಾವ ಇದ್ದಿದ್ರ ಬೈತಿದ್ರು." ಮರುದಿನವೇ ಮಗನನ್ನು ಕರೆದುಕೊಂಡು ಎರಡು ಬಂಡಿ ಗೊಬ್ಬರ ಹೊಲಕ್ಕೆ ಸಾಗಿಸಿದಳು.

ಉಳಿದ ಹದಿನೈದು ಅಷ್ಟು ಸಲೀಸಾಗಿ ಹೋಗಲಿಲ್ಲ. ತಿಪ್ಪೆ ಎಂದರೆ ಬರೀ ಗೊಬ್ಬರವಲ್ಲ, ಊರಿನಲ್ಲಿ ಒಬ್ಬರಿಗಿರುವ ಜಾಗ. ತೆಗೆದರೆ ನಾಳೆ ಇನ್ನೊಬ್ಬರು ಅಲ್ಲಿ ಕಲ್ಲು ಇಟ್ಟಾರು ಎಂಬ ಅಂಜಿಕೆ. ಇದು ನಾಗಸೇನನ ತಲೆಗೆ ಹೊಳೆದಿರಲಿಲ್ಲ, ಅತಿಯಾಳಿಗೆ ಹೊಳೆದಿತ್ತು. ಅವಳು ಮನೆಮನೆಗೆ ಹೋಗಿ, ಯಾರ ಜಾಗ ಎಷ್ಟು ಎಂದು ಎಲ್ಲರ ಎದುರು ಬರೆಸಿ, ಸಹಿ ಹಾಕಿಸಿ, ಪಂಚಾಯ್ತಿಯಲ್ಲಿ ಇಡಿಸಿದಳು. ಬಾವಿಯ ಕೆಳಬದಿಗೆ ತಿಪ್ಪೆ ಹಾಕಲು ಪಂಚಾಯ್ತಿ ಜಾಗ ಕೊಡುವಂತೆ ಗೋರಖನಾಥ ಅವರು ಬೆನ್ನು ಹತ್ತಿದರು. ಮಳೆಗಾಲದ ಮೊದಲು ಹನ್ನೊಂದು ತಿಪ್ಪೆ ಕೆಳಗಿಳಿದವು, ಆಮೇಲೆ ಇನ್ನು ಮೂರು. ಎಮ್ಮೆ ಕಟ್ಟಿದ್ದ ಮನೆಯೊಂದು ಮುಂದಿನ ವರ್ಷದ ತನಕ ಒಪ್ಪಲೇ ಇಲ್ಲ. ದಿನಾ ಎಂಟು ಎಮ್ಮೆಯ ಸಗಣಿ ಹೊತ್ತು ಅಷ್ಟು ದೂರ ನಡೆಯುವವಳು ನಾನು, ನೀವಲ್ಲ ಎಂದು ಆ ಮನೆಯಾಕೆ ಅತಿಯಾಳಿಗೆ ಹೇಳಿದಳು. ಕಡೆಗೆ ಒಂದು ತಳ್ಳುಗಾಡಿ ಬಂದ ಮೇಲೆ ಅವಳೂ ಒಪ್ಪಿದಳು.

ಅಲ್ಲಿಯ ತನಕ ಹೇಗೆ ಎಂಬುದನ್ನು ಹೆಂಗಸರೇ ಗೊತ್ತು ಮಾಡಿಕೊಂಡರು. ಕುಡಿಯಲು ಮತ್ತು ಕೂಸುಗಳ ಗಂಜಿಗೆ ನಳದ ನೀರು. ದೊಡ್ಡವರ ಬೇಳೆಗೆ ಮಾತ್ರ ಬಾವಿಯದ್ದು. ಬಸುರಿಯರ ತಟ್ಟೆಗೆ ನಳದ ನೀರಿನಲ್ಲಿ ಬೇಯುವ ಹೆಸರುಬೇಳೆ. ನಾಗಸೇನನಿಗೆ ಇದು ಪೂರ್ತಿ ಸಮಾಧಾನ ಕೊಡಲಿಲ್ಲ. ಹಾಗೆಂದು ಅವರಿಗೇ ಹೇಳಿದ, ಮುಚ್ಚಿಡಲಿಲ್ಲ.

ಜೂನ್ ಮೊದಲಲ್ಲಿ ಮಾಯಾಳಿಗೆ ಹೆಣ್ಣು ಕೂಸು ಹುಟ್ಟಿತು. ಅವಳು ಪಿಯುಸಿ ವಿಜ್ಞಾನ ಓದಿದ್ದಳು ಎಂಬುದು ನಾಗಸೇನನಿಗೆ ಗೊತ್ತಾದದ್ದು ಅತಿಯಾ ಹೇಳಿದ ಮೇಲೆ. ಕೂಸಿಗೆ ಐದು ತಿಂಗಳಾದಾಗ ಅವನು ಒಂದು ಸಣ್ಣ ಪರೀಕ್ಷಾ ಪೆಟ್ಟಿಗೆ ತಂದು, ನೀರಿಗೆ ಪುಡಿ ಹಾಕಿ ಬಣ್ಣ ನೋಡಿ ನೈಟ್ರೇಟ್ ಅಳೆಯುವುದನ್ನು ಅವಳಿಗೆ ಕಲಿಸಿದ. ಎರಡನೆಯ ಸಲಕ್ಕೇ ಅವಳು ಅವನ ಕೈಯಿಂದ ನಳಿಗೆ ತೆಗೆದುಕೊಂಡು, ನೀವು ಬೆಳಕಿಗೆ ಬೆನ್ನು ಮಾಡಿ ನಿಂತಿದ್ದೀರಿ ಸರ, ಬಣ್ಣ ಸರಿ ಕಾಣುವುದಿಲ್ಲ ಎಂದು ತಿದ್ದಿದಳು. ಅವಳ ಎಡಗೈ ಮಣಿಕಟ್ಟು ಪೂರ್ತಿ ತಿರುಗುತ್ತಿರಲಿಲ್ಲ. ಅದು ಹಾಗೆಯೇ ಉಳಿಯಿತು.

ಮೊದಲ ಮಳೆಗೆ ನೈಟ್ರೇಟ್ ಇಳಿಯುವ ಬದಲು ತೊಂಬತ್ತೇಳಕ್ಕೆ ಏರಿದ್ದು ಎಲ್ಲರನ್ನೂ ಕಂಗೆಡಿಸಿತ್ತು. ಮಣ್ಣಿನಲ್ಲಿ ಉಳಿದದ್ದು ಕೊಚ್ಚಿ ಬರುತ್ತಿದೆ, ಇನ್ನು ಇಳಿಯುತ್ತದೆ ಎಂದು ನಾಗಸೇನ ಹೇಳಿದ್ದ, ಅವನಿಗೇ ಗಟ್ಟಿ ನಂಬಿಕೆಯಿಲ್ಲದೆ. ಡಿಸೆಂಬರಿಗೆ ಎಪ್ಪತ್ತೊಂದಾಯಿತು. ಮುಂದಿನ ಮಳೆಗಾಲ ಕಳೆದ ಮೇಲೆ ಐವತ್ತೊಂದು.

ಯೋಜನೆಯ ಅವಧಿಯೂ ಆಗಲೇ ಮುಗಿಯಿತು. ಅವರ ಪ್ರಬಂಧವನ್ನು ರಸಾಯನಶಾಸ್ತ್ರದ ಒಂದು ಪತ್ರಿಕೆ, ಇದರಲ್ಲಿ ರಸಾಯನಶಾಸ್ತ್ರ ಕಡಿಮೆ ಎಂದು ವಾಪಸು ಕಳಿಸಿತು. ಸಮಾಜಶಾಸ್ತ್ರದ ಪತ್ರಿಕೆ, ಕೋಷ್ಟಕ ಹೆಚ್ಚಾಯಿತು ಎಂದಿತು. ಗೋರಖನಾಥ ಅವರು ನಿವೃತ್ತರಾಗುವ ವಾರ ಮೂರನೆಯ ಕಡೆಗೆ ಕಳಿಸಿದರು, ಉತ್ತರ ಇನ್ನೂ ಬಂದಿಲ್ಲ. ಅಂತಿಮ ವರದಿಯಲ್ಲಿ ಬಾವಿಯ ವಿಷಯಕ್ಕೆ 'ಸುಧಾರಿಸಿದೆ' ಎಂದು ಬರೆಯಬೇಕೆಂದು ಅತಿಯಾ, 'ಇನ್ನೂ ಮಿತಿಗಿಂತ ಹೆಚ್ಚು' ಎಂದೇ ಬರೆಯಬೇಕೆಂದು ನಾಗಸೇನ ಮೂರು ದಿನ ಜಗಳಾಡಿದರು. ಕೊನೆಗೆ ಎರಡು ಸಾಲನ್ನೂ ಇಟ್ಟರು.

ಯೋಜನೆ ಮುಗಿದರೂ ತಿಂಗಳಿಗೊಂದು ಶನಿವಾರ ಇಬ್ಬರೂ ಹೋಗುವುದು ತಪ್ಪಲಿಲ್ಲ. ಐವತ್ತೊಂದು ಬಂದ ದಿನ ಮಾಯಾ ನಳಿಗೆಯನ್ನು ಬೆಳಕಿಗೆ ಹಿಡಿದು, ನಾಗಸೇನನಿಗೂ ತೋರಿಸಿ, ಅಂಕಿಯನ್ನು ಬಾವಿಯ ಹತ್ತಿರ ನಿಂತವರಿಗೆಲ್ಲ ಕೇಳುವ ಹಾಗೆ ಹೇಳಿದಳು. ನಲವತ್ತೈದಕ್ಕೆ ಇನ್ನು ಎಷ್ಟು ಎಂದು ಯಾರೋ ಕೇಳಿದರು. ಆರು ಎಂದಳು.

"ಇನ್ನೊಂದು ಮಳಿ ಬೇಕಾಗ್ತದೇನ್ರಿ?" ಎಂದು ಶಾಲುಬಾಯಿ ನಾಗಸೇನನನ್ನು ಕೇಳಿದಳು.

"ಒಂದೋ ಎರಡೋ, ಗೊತ್ತಿಲ್ಲ ಬಾಯಿ," ಎಂದ ಅವನು.

ಅವಳು ಆಗಲಿ ಎನ್ನುವಂತೆ ತಲೆಯಾಡಿಸಿ, ಹಗ್ಗ ಇಳಿಬಿಟ್ಟು ಸಂಜೆಯ ಬೇಳೆಗೆ ಒಂದು ಕೊಡ ಸೇದಿಕೊಂಡಳು. ಅತಿಯಾ ಮಾಯಾಳ ಮಗಳನ್ನು ತೊಡೆಯ ಮೇಲೆ ಕೂಡಿಸಿಕೊಂಡು ಯಾರದೋ ಮಾತು ಬರೆದುಕೊಳ್ಳುತ್ತಿದ್ದಳು. ಸಂತಪುರದ ಬಸ್ಸಿಗೆ ಹೊತ್ತಾಗುತ್ತದೆ ಎಂದು ನಾಗಸೇನ ಎರಡು ಸಲ ಕರೆದ. ಅವಳು ಇನ್ನೂ ಕೇಳುತ್ತಲೇ ಇದ್ದುದನ್ನು ನೋಡಿ, ಚೀಲ ಕೆಳಗಿಟ್ಟು ತಾನೂ ಬಂದು ಕೂತ.